ಕಾಲಲ್ಲಿ ಬಲವಿಲ್ಲ: ದೋಷ ನರದಲ್ಲೋ, ಸ್ನಾಯುವಿನಲ್ಲೋ, ಬೆನ್ನುಹುರಿಯಲ್ಲೋ?

‘ಕಾಲಲ್ಲಿ ಶಕ್ತಿನೇ ಇಲ್ಲ ಸಾರ್, ಸ್ವಲ್ಪ ಕರೆಂಟ್ ಕೊಡಿ’ ಅಂತ ಬರುವವರು ನಮ್ಮ ಹಾಸನದ ಕಡೆ ಜಾಸ್ತಿ. ನಾನು ಫಿಸಿಯೋಥೆರಪಿ ಮಾಡುವವನು. ಕರೆಂಟ್ ಕೊಡುವ ಮಷೀನೂ ನನ್ನ ಹತ್ತಿರ ಇದೆ. ಆದರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುವ ಮೊದಲೇ ಮಷೀನ್ ಹಚ್ಚಿದರೆ ಸುಮ್ನೆ ದುಡ್ಡು ದಂಡ. ಬಂದವರ ಕೈಯಲ್ಲಿ ಒಂದು ದೊಡ್ಡ ಕವರ್ ಇರುತ್ತದೆ. ಒಳಗೆ ಸೊಂಟದ ಎಂಆರ್‌ಐ. ಕಾಲು ಸೋತಿದೆ ಅಂದರೆ ಸೊಂಟದ್ದೇ ತೊಂದರೆ ಎಂಬ ಲೆಕ್ಕ. ನಡುವಯಸ್ಸು ದಾಟಿದವರ ಸೊಂಟದ ಚಿತ್ರ ತೆಗೆದರೆ ಯಾವುದಾದರೂ ಒಂದು ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಮಾಮೂಲು. ಒಂದು ದಿನವೂ ಸೊಂಟ ನೋವು ಅನ್ನದವರಲ್ಲೂ ಅದು ಕಾಣುತ್ತದೆ. ಅಲ್ಲಿಗೆ ಎಲ್ಲ ತಪ್ಪೂ ಆ ಡಿಸ್ಕಿನ ತಲೆಗೆ ಬೀಳುತ್ತದೆ.

ಮನೆಯವರು, ಆಶಾ ಕಾರ್ಯಕರ್ತೆಯರು, ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮಂಥವರು ಈ ಬರಹ ಓದಲಿ ಅಂತ ನನ್ನ ಆಸೆ. ಕಾಯಿಲೆಯ ಹೆಸರು ಆಮೇಲೆ ನೋಡಿದರಾಯಿತು. ಮೊದಲು ಜಾಗ ಹುಡುಕಬೇಕು. ಜಾಗ ಸಿಕ್ಕಿದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಆಜ್ಞೆ ಹೋಗುವ ದಾರಿ

ತೋಟದ ಪಂಪ್‌ಸೆಟ್ ನಿಂತರೆ ನಾವು ಏನು ಮಾಡುತ್ತೇವೆ? ನೇರವಾಗಿ ಮೋಟಾರು ಎತ್ತಿಸುವುದಿಲ್ಲ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಕರೆಂಟ್ ಇದೆಯಾ, ಲೈನ್ ಸರಿ ಇದೆಯಾ, ಸರ್ವಿಸ್ ವೈರ್ ಇಲಿ ಕಡಿದಿದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ ಅಂತ ಒಂದೊಂದೇ ನೋಡುತ್ತಾ ಬರುತ್ತೇವೆ. ಮೈಯಲ್ಲೂ ಹಾಗೇ. ಮಿದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯಲ್ಲಿ ಇಳಿಯುತ್ತದೆ. ಹುರಿಯ ಮುಂಭಾಗದಲ್ಲಿರುವ ಜೀವಕೋಶಗಳಿಗೆ ಮುಟ್ಟುತ್ತದೆ. ಅಲ್ಲಿಂದ ನರದ ಬೇರು, ಆಮೇಲೆ ಉದ್ದನೆಯ ನರ. ನರದ ತುದಿ ಸ್ನಾಯುವನ್ನು ಸೇರುವ ಕಡೆ ಒಂದು ಸಣ್ಣ ಸಂದಿ ಇದೆ. ಅದನ್ನು ದಾಟಿದರೆ ಸ್ನಾಯು. ಈ ದಾರಿಯಲ್ಲಿ ಎಲ್ಲೇ ಕೆಟ್ಟರೂ ಹೊರಗೆ ಕಾಣುವುದು ಒಂದೇ: ಬಲವಿಲ್ಲ. ಆದರೆ ಜಾಗ ಜಾಗಕ್ಕೂ ಗುರುತು ಬೇರೆ.

ಕಾಯದೇ ಹೊರಡಬೇಕಾದವರು

ಮುಖ ಸೊಟ್ಟಗಾಗಿ, ಮಾತು ತೊದಲಿ, ಒಂದೇ ಕಡೆಯ ಕೈಕಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ ಅದು ಮಿದುಳಿನ ಲಕ್ವ. ಮುಂದಿನದನ್ನು ಓದಬೇಡಿ, 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು.

ಎರಡೂ ಕಾಲು ಗಂಟೆಗಳಲ್ಲೋ ದಿನಗಳಲ್ಲೋ ಸೋಲುತ್ತಾ ಬಂದಿದ್ದರೆ, ಮೂತ್ರ ಕಟ್ಟಿದ್ದರೆ, ಕೂರುವ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಅದೂ ತುರ್ತೇ. ಒಂದೇ ಉಸಿರಿಗೆ 20ರವರೆಗೆ ಎಣಿಸಲು ಆಗದವರು, ಎಂಜಲು ನುಂಗಲು ಕಷ್ಟಪಡುವವರು, ದಿಂಬಿನಿಂದ ತಲೆ ಎತ್ತಲಾಗದವರು ಮನೆಯಲ್ಲಿ ರಾತ್ರಿ ಕಳೆಯುವುದು ಬೇಡ. ಅವರಿಗೆ ಉಸಿರಾಟದ ಸ್ನಾಯುಗಳೂ ಸೋಲುತ್ತಿರಬಹುದು. ವೆಂಟಿಲೇಟರ್ ಇರುವ ಕಡೆಗೇ ಕರೆದುಕೊಂಡು ಹೋಗಿ.

ಹದಿನೈದು ವರ್ಷದೊಳಗಿನ ಮಗುವಿನ ಕಾಲು ಹಠಾತ್ತನೆ ಬಟ್ಟೆಯ ಹಾಗೆ ಮೆತ್ತಗಾದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಲೇಬೇಕು. ಭಾರತದಲ್ಲಿ ಕಾಡು ಪೋಲಿಯೋ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ. ಆದರೂ ಕಾವಲು ನಿಂತಿಲ್ಲ. ಮಗುವಿನ ಮಲದ ಎರಡು ಮಾದರಿಯನ್ನು ಕನಿಷ್ಠ 24 ಗಂಟೆ ಅಂತರದಲ್ಲಿ, ಕಾಲು ಸೋತ 14 ದಿನದೊಳಗೆ ತೆಗೆದುಕೊಳ್ಳುತ್ತಾರೆ. ‘ಪೋಲಿಯೋ ಹೋಯ್ತಲ್ಲ, ಇನ್ಯಾಕೆ’ ಅನ್ನಬೇಡಿ.

ಮುಟ್ಟುವ ಮೊದಲು ಕೇಳಿ

ನನ್ನ ಪ್ರಕಾರ ಅರ್ಧ ಕೆಲಸ ಕೇಳುವುದರಲ್ಲೇ ಮುಗಿಯುತ್ತದೆ. ‘ವೀಕ್‌ನೆಸ್ ಇದೆಯಾ’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಯಾವ ಕೆಲಸ ನಿಂತುಹೋಗಿದೆ ಅಂತ ಕೇಳಿ. ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದುಬಿಡುತ್ತಾ? ಹಾಗಾದರೆ ಪಾದದ ಕಡೆಯ ಸೋಲು, ನರವನ್ನು ನೆನೆಯಿರಿ. ಚಪ್ಪಲಿ ಸರಿಯಾಗೇ ನಿಲ್ಲುತ್ತೆ, ಆದರೆ ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಎರಡೂ ಕೈಯಲ್ಲಿ ಕಂಬಿ ಎಳೆಯಬೇಕು, ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು ಅಂದರೆ ಸೋಲು ತೊಡೆ ಮತ್ತು ಸೊಂಟದ ಪಟ್ಟಿಯಲ್ಲಿದೆ, ಸ್ನಾಯುವನ್ನು ನೆನೆಯಿರಿ. ಕಾಲು ಮರದ ಕೊರಡಿನ ಹಾಗೆ ಸೆಟೆದಿದೆ, ಎಳೆದು ಹಾಕಬೇಕು ಅಂದರೆ ಬೆನ್ನುಹುರಿ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ಕಣ್ಣುರೆಪ್ಪೆ ಇಳಿಯುತ್ತೆ ಅಂದರೆ ನರ ಮತ್ತು ಸ್ನಾಯುವಿನ ನಡುವಿನ ಸಂದಿ.

ಇನ್ನೊಂದು ಪ್ರಶ್ನೆ, ಎಷ್ಟು ಬೇಗ ಬಂತು? ಕ್ಷಣಗಳಲ್ಲಿ ಬಂದಿದ್ದರೆ ಪೆಟ್ಟು ಅಥವಾ ರಕ್ತನಾಳದ ತೊಂದರೆ. ದಿನಗಳಲ್ಲಾದರೆ ಉರಿಯೂತ, ಸೋಂಕು, ವಿಷ. ವರ್ಷಗಟ್ಟಲೆ ನಿಧಾನವಾಗಿ ಬಂದಿದ್ದರೆ ವಂಶದಿಂದ ಬಂದದ್ದೋ ಸವಕಳಿಯೋ. ಇದು ಜಾಗವನ್ನು ಹೇಳುವುದಿಲ್ಲ, ಕಾರಣವನ್ನು ಸೂಚಿಸುತ್ತದೆ. ಎರಡನ್ನೂ ಕಲಸಬೇಡಿ.

ನೋವಿನಿಂದ ನಡೆಯಲು ಆಗದಿರುವುದು ಬೇರೆ, ಬಲವಿಲ್ಲದೆ ಆಗದಿರುವುದು ಬೇರೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಕಾಣುವ ಹಂದಿಗೋಡು ಕಾಯಿಲೆ ನೋಡಿ. ನಡೆಯಲು ಆಗದೆ ತೆವಳುವ ಸ್ಥಿತಿಗೆ ಬರುವವರಿದ್ದಾರೆ. ಆದರೆ ಅದು ಮೂಳೆ, ಕೀಲುಗಳ ಕಾಯಿಲೆ. ನರಕ್ಕೆ ಔಷಧ ಕೊಟ್ಟು ಪ್ರಯೋಜನವಿಲ್ಲ.

ಬೆನ್ನುಹುರಿ: ಸೊಂಟದ ಚಿತ್ರದಲ್ಲಿ ಸಿಗದ ತೊಂದರೆ

ಬೇಲೂರು ಕಡೆಯ ಯಜಮಾನರೊಬ್ಬರು ಕಾಲು ಭಾರ ಅಂತ ಬಂದಿದ್ದರು. ಸೊಂಟದ ಎಂಆರ್‌ಐ ಆಗಿತ್ತು, ಬೆಲ್ಟೂ ಕಟ್ಟಿದ್ದರು. ನೋಡಿ ಆದ ಮೇಲೆ ಶರ್ಟ್ ತೊಟ್ಟರು. ಗುಂಡಿ ಹಾಕಲು ಅವರ ಹೆಂಡತಿ ಎದ್ದು ಬಂದರು.

‘ಯಾಕಮ್ಮ, ಅವರೇ ಹಾಕ್ಕೊಳಲ್ವಾ?’ ಅಂದೆ.

‘ದೀಪಾವಳಿಯಿಂದ ನಾನೇ ಹಾಕೋದು ಸಾರ್. ಗುಂಡಿ ಕೈಗೆ ಸಿಗಲ್ಲ ಅಂತಾರೆ. ಮುದ್ದೆ ಮುರಿಯೋದೂ ಕಷ್ಟ.’

ಕೈಯ ವಿಷಯ ಯಾವ ಡಾಕ್ಟರ ಹತ್ತಿರವೂ ಅವರು ಬಾಯಿ ಬಿಟ್ಟಿರಲಿಲ್ಲ. ವಯಸ್ಸಾಯ್ತಲ್ಲ ಅಂದುಕೊಂಡಿದ್ದರು. ಮುಷ್ಟಿ ಕಟ್ಟಿ ಬಿಡಿಸಿ, ಬೇಗ ಬೇಗ ಮಾಡಿ ಅಂದೆ. ಸಾಮಾನ್ಯವಾಗಿ 10 ಸೆಕೆಂಡಿನಲ್ಲಿ 20 ಸಲವಾದರೂ ಆಗಬೇಕು. ಇವರ ಬೆರಳು ಬಿಚ್ಚುವುದೇ ನಿಧಾನ, ಅರ್ಧಕ್ಕೂ ಬರಲಿಲ್ಲ. ಮಂಡಿಯ ಕೆಳಗೆ ಸುತ್ತಿಗೆ ತಾಗಿಸಿದ ಕೂಡಲೇ ಕಾಲು ಜಾಡಿಸಿ ಒದೆಯಿತು. ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಹೆಬ್ಬೆರಳು ಕೆಳಗೆ ಮಡಚಬೇಕು. ಇವರದ್ದು ಮೇಲೆದ್ದಿತು. ಬಾಬಿನ್‌ಸ್ಕಿ ಎಂಬ ಫ್ರೆಂಚ್ ವೈದ್ಯರು 1896ರಲ್ಲಿ ತೋರಿಸಿಕೊಟ್ಟ ಗುರುತು ಇದು. ಒಂದು ಬೀಗದ ಕೈ ಇದ್ದರೆ ಸಾಕು, ಪೈಸೆ ಖರ್ಚಿಲ್ಲ. ಈ ಗುರುತು ಇದ್ದರೆ ದೋಷ ಮಿದುಳು ಅಥವಾ ಬೆನ್ನುಹುರಿಯಲ್ಲಿದೆ. ಬರೀ ನರದ, ಸ್ನಾಯುವಿನ ಕಾಯಿಲೆಯಲ್ಲಿ ಹೀಗಾಗುವುದಿಲ್ಲ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಮಾತ್ರ ಇದು ಸಹಜ. ನ್ಯೂರೋ ಡಾಕ್ಟರಿಗೆ ಬರೆದು ಕಳಿಸಿದೆ, ಕತ್ತಿನ ಎಂಆರ್‌ಐ ಆಯಿತು. ಸವೆದ ಮೂಳೆ, ಡಿಸ್ಕು ಸೇರಿ ಕತ್ತಿನಲ್ಲೇ ಹುರಿಯನ್ನು ಒತ್ತಿ ಹಿಡಿದಿದ್ದವು.

ಇಲ್ಲಿ ಒಂದು ಸಂಗತಿ ಮನಸ್ಸಿನಲ್ಲಿರಲಿ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಕೆಳಗಿನವರೆಗೆ ಬರುವುದೇ ಇಲ್ಲ. ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಗಳ ಗೊಂಚಲು ಮಾತ್ರ. ಹಾಗಾಗಿ ಸೊಂಟದ ನಾಲ್ಕು, ಐದನೇ ಡಿಸ್ಕ್ ಎಷ್ಟೇ ಉಬ್ಬಲಿ, ಕಾಲು ಸೆಟೆಯುವುದಿಲ್ಲ, ಹೆಬ್ಬೆರಳು ಮೇಲೇಳುವುದಿಲ್ಲ. ಕಾಲು ಬಿಗಿಯಾಗಿದೆ, ರಿಫ್ಲೆಕ್ಸ್ (ಸುತ್ತಿಗೆ ತಾಗಿಸಿದಾಗ ಕಾಲು ತಾನಾಗಿ ಜಾಡಿಸುವುದು) ಜಾಸ್ತಿ ಇದೆ ಅಂದರೆ ಕತ್ತು ಅಥವಾ ಎದೆಯ ಮಟ್ಟದ ಬೆನ್ನಿನ ಚಿತ್ರ ತೆಗೆಸಬೇಕು. ಸೊಂಟದ್ದಲ್ಲ.

ಯಾವ ಮಟ್ಟ ಅಂತ ಮೈಯೇ ಹೇಳುತ್ತದೆ. ಹತ್ತಿಯನ್ನು ಪಾದದಿಂದ ಮೇಲಕ್ಕೆ ಸವರುತ್ತಾ ಹೋಗಿ. ಒಂದು ಗೆರೆಯಲ್ಲಿ ‘ಹಾಂ, ಈಗ ಸರಿಯಾಗಿ ಗೊತ್ತಾಗ್ತಿದೆ’ ಅನ್ನುತ್ತಾರೆ. ಆ ಗೆರೆ ಹೊಕ್ಕಳ ಹತ್ತಿರ ಇದ್ದರೆ ಎದೆಭಾಗದ ಹತ್ತನೇ ನರದ ಮಟ್ಟ, ಮೊಲೆತೊಟ್ಟಿನ ಹತ್ತಿರ ಇದ್ದರೆ ನಾಲ್ಕನೆಯದು. ಹುರಿಗೆ ಪೆಟ್ಟು ಆ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇರುತ್ತದೆ, ಕೆಳಗಲ್ಲ. ಎದೆಗೆ ಪಟ್ಟಿ ಕಟ್ಟಿದ ಹಾಗೆ ಬಿಗಿತ, ಕತ್ತು ಬಗ್ಗಿಸಿದರೆ ಬೆನ್ನಲ್ಲಿ ಶಾಕ್ ಹೊಡೆದಂತಾಗುವುದು, ಮೂತ್ರ ತಡೆಯಲಾಗದಿರುವುದು ಅಥವಾ ಹೋಗದಿರುವುದು, ಬೈಕಿನ ಫುಟ್‌ರೆಸ್ಟ್ ಮೇಲೆ ಪಾದದ ತುದಿ ಇಟ್ಟ ಕೂಡಲೇ ಕಾಲು ತಾನಾಗಿ ಗಡಗಡ ಅನ್ನುವುದು, ಇವೆಲ್ಲ ಬೆನ್ನುಹುರಿಯ ದೂರುಗಳು. ಬೆನ್ನುಮೂಳೆಯಲ್ಲಿ ಒಂದು ಕಡೆ ಗಂಟು ಎದ್ದು, ಸಂಜೆ ಜ್ವರ ಬಂದು, ತೂಕ ಇಳಿಯುತ್ತಿದ್ದರೆ ಬೆನ್ನಿನ ಕ್ಷಯವನ್ನು ಮರೆಯಬೇಡಿ. ಸರಿಯಾದ ಸಮಯಕ್ಕೆ ಔಷಧ ಸಿಕ್ಕರೆ ಎದ್ದು ನಡೆಯುವವರು ಇದ್ದಾರೆ.

ಒಂದು ಬಲೆಯೂ ಇದೆ. ಬೆನ್ನುಹುರಿಗೆ ಪೆಟ್ಟು ಹಠಾತ್ತನೆ ಬಿದ್ದರೆ ಮೊದಲ ಕೆಲವು ದಿನ, ಕೆಲವೊಮ್ಮೆ ವಾರಗಳು, ಕಾಲು ಸೆಟೆಯುವ ಬದಲು ಮೆತ್ತಗೇ ಇರುತ್ತದೆ. ರಿಫ್ಲೆಕ್ಸೂ ಇರುವುದಿಲ್ಲ. ನರದ ಕಾಯಿಲೆ ಅಂತ ಮೋಸಹೋಗುವುದು ಇಲ್ಲೇ. ಆಗ ಸ್ಪರ್ಶದ ಗೆರೆ ಮತ್ತು ಮೂತ್ರ ಕಟ್ಟಿರುವುದು ದಾರಿ ತೋರಿಸುತ್ತವೆ. ಸಕಲೇಶಪುರ, ಮೂಡಿಗೆರೆ ಕಡೆ ಮೆಣಸು ಕುಯ್ಯುವ ಕಾಲದಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬೀಳುವವರಿಗೆ ಹೀಗಾಗುವುದುಂಟು. ಬಿದ್ದವರನ್ನು ಕೈಕಾಲು ಹಿಡಿದು ಜೀಪಿನ ಹಿಂದೆ ಹಾಕಬೇಡಿ. ಕತ್ತು ಅಲುಗಾಡದಂತೆ ಹಿಡಿದು, ಗಟ್ಟಿ ಹಲಗೆಯ ಮೇಲೆ ಮೂರು ನಾಲ್ಕು ಜನ ಒಟ್ಟಿಗೆ ಹೊರಳಿಸಿ ಮಲಗಿಸಿ.

ನರ: ಪಾದದಿಂದ ಹತ್ತುವ ಜೋಮು

ಮೈಯಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುತ್ತವೆ. ಹಾಗಾಗಿ ಶುಗರ್ ಇರುವವರಲ್ಲಿ, ಕುಡಿತ ಜಾಸ್ತಿ ಇರುವವರಲ್ಲಿ ಮೊದಲು ಕೆಡುವುದು ಅವೇ. ಬೆರಳ ತುದಿಯಲ್ಲಿ ಜೋಮು, ರಾತ್ರಿ ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು. ಎರಡೂ ಕಾಲಲ್ಲಿ ಸಮನಾಗಿ ಕಾಲುಚೀಲದ ಹಾಗೆ ಏರುತ್ತದೆ. ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈ ಬೆರಳಲ್ಲೂ ಶುರು. ಹಿಮ್ಮಡಿಯ ರಿಫ್ಲೆಕ್ಸ್ ಬೇಗ ಹೋಗುತ್ತದೆ. ಹಂಡೆ ಒಲೆಯ ಮುಂದೆ ಕಾಲು ಕಾಯಿಸುತ್ತಾ ಕೂತು ಬೊಬ್ಬೆ ಎದ್ದರೂ ಗೊತ್ತಾಗದಿದ್ದರೆ ಅದು ದೊಡ್ಡ ಸುಳಿವು. (ಇಂಬಳ ಕಚ್ಚಿದ್ದು ಗೊತ್ತಾಗಲಿಲ್ಲ ಅಂತ ಹೆದರಿ ಬಂದವರೂ ಇದ್ದಾರೆ. ಅದು ಯಾರಿಗೂ ಗೊತ್ತಾಗಲ್ಲ, ಬಿಡಿ.)

ಒಂದೇ ನರ ಕೆಟ್ಟರೆ ಚಿತ್ರ ಬೇರೆ. ತೋಟದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿಗೆ ಮಂಡಿಯ ಹೊರಬದಿಯ ನರ ಒತ್ತಿ ಪಾದ ಜೋತುಬೀಳಬಹುದು. ಸೊಂಟದ ಐದನೇ ನರದ ಬೇರು ಒತ್ತಿದರೂ ಪಾದ ಜೋಲುತ್ತದೆ. ವ್ಯತ್ಯಾಸ ಹೇಗೆ? ಪಾದವನ್ನು ಒಳಕ್ಕೆ ತಿರುಗಿಸಲು ಹೇಳಿ. ಮಂಡಿಯ ನರದ ತೊಂದರೆಯಲ್ಲಿ ಆ ಚಲನೆ ಉಳಿದಿರುತ್ತದೆ, ಬೇರಿನ ತೊಂದರೆಯಲ್ಲಿ ಅದೂ ಸೋಲುತ್ತದೆ, ಜೊತೆಗೆ ಸೊಂಟದಿಂದ ಕಾಲಿಗೆ ಎಳೆಯುವ ನೋವಿರುತ್ತದೆ.

ಕುಷ್ಠವನ್ನು ನಾವು ಮರೆತೇಬಿಟ್ಟಿದ್ದೇವೆ. 2005ರಲ್ಲಿ ದೇಶದ ಮಟ್ಟದಲ್ಲಿ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಅಂತ ಘೋಷಣೆಯಾಯಿತು. ಕಾಯಿಲೆ ಮಾತ್ರ ಇನ್ನೂ ಇದೆ. ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ, ಮೊಣಕೈ ಹಿಂದೆ ಹಗ್ಗದಂತೆ ದಪ್ಪಗೆ ಸಿಗುವ ನರ, ಕಿರುಬೆರಳು ಮಡಚಿಕೊಂಡಿರುವುದು ಕಂಡರೆ ನಾಚಿಕೆ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ.

ನರದ ಕಾಯಿಲೆಗಳಲ್ಲಿ ತುರ್ತಿನದು ಜಿಬಿಎಸ್, ಅಂದರೆ ಗಿಯೆನ್-ಬಾರೆ ಸಿಂಡ್ರೋಮ್. 2025ರ ಆರಂಭದಲ್ಲಿ ಪುಣೆಯಲ್ಲಿ ಹಲವರಿಗೆ ಒಟ್ಟಿಗೆ ಬಂದಾಗ ಈ ಹೆಸರು ಎಲ್ಲರ ಬಾಯಲ್ಲಿತ್ತು. 1916ರಲ್ಲಿ ಗಿಯೆನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡು ಬರೆದದ್ದು ಇದನ್ನೇ. ಭೇದಿಯೋ ನೆಗಡಿಯೋ ಆಗಿ ವಾರ, ಎರಡು ವಾರದ ಮೇಲೆ ಕಾಲು ಸೋಲಲು ಶುರು. ಮೆಟ್ಟಿಲು ಹತ್ತಲಾಗದವರು ಎರಡು ದಿನಕ್ಕೆ ಎದ್ದು ನಿಲ್ಲಲಾರರು, ಆಮೇಲೆ ಕೈ, ಮುಖ, ಉಸಿರು. ನಾಲ್ಕು ವಾರದೊಳಗೆ ಅದರ ಏರಿಕೆ ನಿಲ್ಲುತ್ತದೆ. ರಿಫ್ಲೆಕ್ಸ್ ಮಾಯವಾಗಿರುತ್ತದೆ, ಆದರೆ ಎದೆ ಹೊಟ್ಟೆಯ ಮೇಲೆ ಸ್ಪರ್ಶದ ಗೆರೆ ಸಿಗುವುದಿಲ್ಲ, ಮೂತ್ರದ ತೊಂದರೆ ಶುರುವಿನಲ್ಲಿ ಅಪರೂಪ. ಬೆನ್ನುಹುರಿಯಿಂದ ಇದನ್ನು ಬೇರೆ ಮಾಡುವುದು ಈ ಎರಡರಿಂದಲೇ.

ಸ್ನಾಯು: ಸ್ಪರ್ಶ ಸರಿ, ಏಳುವುದೇ ಕಷ್ಟ

ಸ್ನಾಯುವಿನ ಕಾಯಿಲೆಯಲ್ಲಿ ಜೋಮಿಲ್ಲ, ಮರಗಟ್ಟುವುದಿಲ್ಲ. ಜೋಮು ಇದೆ ಅಂದರೆ ಬರೀ ಸ್ನಾಯುವಿನದಲ್ಲ. ಇದು ಸರಳ ಸೂತ್ರ, ಕೈಕೊಡುವುದು ಕಡಿಮೆ.

ಐದು ವರ್ಷದ ಹುಡುಗನನ್ನು ಅಜ್ಜಿ ಕರೆತಂದಿದ್ದರು. ಓಡುವಾಗ ಬೀಳುತ್ತಾನೆ ಅಂತ. ‘ಮೈ ಕೈ ತುಂಬ್ಕೊಂಡು ಚೆನ್ನಾಗಿದಾನೆ ಸಾರ್, ಮೀನಖಂಡ ನೋಡಿ, ಪೈಲ್ವಾನ್ ಥರ!’ ಆ ದಪ್ಪ ಮೀನಖಂಡವೇ ಸುಳಿವು. ನೆಲದ ಮೇಲೆ ಕೂರಿಸಿ ಏಳು ಪುಟ್ಟ ಅಂದೆ. ಮೊದಲು ಕವುಚಿಕೊಂಡ. ಎರಡೂ ಕೈ ನೆಲಕ್ಕೂರಿ ಹಿಂಭಾಗ ಎತ್ತಿದ. ಒಂದು ಕೈ ಮಂಡಿಗೆ, ಇನ್ನೊಂದು ತೊಡೆಗೆ ಇಟ್ಟು ತನ್ನ ಮೈಯನ್ನೇ ತಾನು ಹತ್ತಿಕೊಂಡು ಎದ್ದ. ಗೋವರ್ಸ್ ಎಂಬ ಇಂಗ್ಲಿಷ್ ವೈದ್ಯರ ಹೆಸರಿನಲ್ಲಿರುವ ಗುರುತು ಅದು. ಡುಷೆನ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಹೀಗೆ. ಬಹುಮಟ್ಟಿಗೆ ಗಂಡುಮಕ್ಕಳಿಗೇ ಬರುತ್ತದೆ. ರಕ್ತದಲ್ಲಿ ಸಿಪಿಕೆ (ಸ್ನಾಯು ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವ) ಹತ್ತಾರು ಪಟ್ಟು ಏರಿರುತ್ತದೆ. ತಾಯಿಯ ಕಡೆಯಿಂದ ಬರಬಹುದು ಅಂದಾಗ ಸೊಸೆಯನ್ನು ದೂರುವುದು ಶುರುವಾಗುತ್ತದೆ. ಎಷ್ಟೋ ಸಲ ಅದು ಮಗುವಿನಲ್ಲೇ ಹೊಸದಾಗಿ ಹುಟ್ಟುವ ಬದಲಾವಣೆ. ಅದನ್ನು ಮನೆಯವರೆಲ್ಲರ ಎದುರಿಗೇ ಹೇಳುವುದು ಒಳ್ಳೆಯದು.

ದೊಡ್ಡವರಲ್ಲಿ ಸ್ನಾಯು ಸೋತರೆ ಮೊದಲು ಸರಿಹೋಗುವಂಥದ್ದನ್ನೇ ಹುಡುಕಿ. ಥೈರಾಯ್ಡ್, ವಿಟಮಿನ್ ಡಿ ಕೊರತೆ, ಕೊಲೆಸ್ಟರಾಲ್ ಮಾತ್ರೆ, ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್. ಸ್ನಾಯುವಿನ ಉರಿಯೂತಕ್ಕೂ ಔಷಧವಿದೆ. ಬೀಗರೂಟದಲ್ಲಿ ಹೊಟ್ಟೆ ತುಂಬ ಉಂಡು ಮಲಗಿದ ಹುಡುಗ ಬೆಳಿಗ್ಗೆ ಏಳಲೇ ಆಗದೆ, ಸ್ಪರ್ಶ ಮಾತ್ರ ಪೂರ್ತಿ ಸರಿಯಿದ್ದರೆ ರಕ್ತದ ಪೊಟ್ಯಾಸಿಯಂ ನೋಡಿಸಿ. ಅದು ಇಳಿದಿದ್ದರೆ ಸರಿಮಾಡಿದ ಮೇಲೆ ಸಾಮಾನ್ಯವಾಗಿ ಗಂಟೆಗಳಲ್ಲಿ ಎದ್ದು ಓಡಾಡುತ್ತಾನೆ. ದೇವರ ಕಾಟ ಅಂತ ಅಷ್ಟರೊಳಗೆ ಹರಕೆ ಹೊತ್ತಿರುತ್ತಾರೆ!

ಸಂದಿಯ ದೋಷ

ಮಾಡುತ್ತಾ ಮಾಡುತ್ತಾ ಸೋಲುವುದು, ವಿಶ್ರಾಂತಿ ಕೊಟ್ಟರೆ ಬಲ ಮರಳುವುದು ಮಯಾಸ್ತೇನಿಯಾ ಎಂಬ ಸಂದಿಯ ಕಾಯಿಲೆಯ ಗುರುತು. ಒಂದು ನಿಮಿಷ ಮೇಲೆ ನೋಡುತ್ತಾ ಇರಿ ಅಂದರೆ ರೆಪ್ಪೆ ಇಳಿಯುತ್ತದೆ. ಊಟದ ಕೊನೆಗೆ ಅಗಿಯಲಾಗದು, ಒಂದು ಎರಡಾಗಿ ಕಾಣುವುದು. ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟರೆ ಸ್ವಲ್ಪ ಹೊತ್ತು ಮೇಲೇಳುವುದೂ ಉಂಟು. ಇಂಥವರು ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಟ್ಟ ಆಂಟಿಬಯಾಟಿಕ್ ನುಂಗಬಾರದು. ಕೆಲವು ಆಂಟಿಬಯಾಟಿಕ್‌ಗಳು ಈ ಕಾಯಿಲೆಯನ್ನು ಕೆರಳಿಸುತ್ತವೆ.

ಇದೇ ಸಂದಿಗೆ ನಮ್ಮ ಕಡೆ ಇನ್ನೆರಡು ಶತ್ರು. ಒಂದು ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ಗಾಯ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಇಳಿಯುವುದು, ನುಂಗಲಾಗದಿರುವುದು ಕಂಡರೆ ಹಾವು ಅಂತಲೇ ತಿಳಿದು ಓಡಿ. ಇನ್ನೊಂದು ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಒಳಗೆ ಸೇರಿದಾಗ. ಮೊದಲ ದಿನದ ಬೆವರು, ಜೊಲ್ಲು ನಿಂತು ಹುಷಾರಾದರು ಅಂದುಕೊಂಡಾಗ, ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತಲಾಗದೆ ಉಸಿರು ನಿಲ್ಲಬಹುದು. ಎರಡು ಮೂರು ವಾರದ ನಂತರ ಪಾದದ ನರ ಕೆಡುವುದೂ ಇದೆ. ಅದಕ್ಕೇ ಬೇಗ ಡಿಸ್ಚಾರ್ಜ್ ಮಾಡಿ ಅಂತ ಗಲಾಟೆ ಮಾಡಬೇಡಿ.

ಗುರುತುಗಳು ಬೆರೆತಾಗ

ವಿಟಮಿನ್ ಬಿ12 ಕೊರತೆ ಹುರಿಯನ್ನೂ ನರವನ್ನೂ ಒಟ್ಟಿಗೆ ಕೆಡಿಸುತ್ತದೆ. ಮಂಡಿಯ ರಿಫ್ಲೆಕ್ಸ್ ಜಾಸ್ತಿ, ಹಿಮ್ಮಡಿಯದ್ದು ಇಲ್ಲ, ಹೆಬ್ಬೆರಳು ಮೇಲೆ. ಮುಖ ತೊಳೆಯಲು ಕಣ್ಣು ಮುಚ್ಚಿದ ಕೂಡಲೇ ವಾಲುತ್ತಾರೆ. ಮಾಂಸ, ಮೊಟ್ಟೆ ಮುಟ್ಟದವರು, ಹಾಲೂ ಕಡಿಮೆ ಕುಡಿಯುವವರು, ವರ್ಷಗಳಿಂದ ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರು ನೋಡಿಸಿಕೊಳ್ಳಲಿ. ಕೈಯ ಮಾಂಸ ಕರಗಿ, ಚರ್ಮದಡಿ ಸ್ನಾಯು ಪಟಪಟ ಅದುರುತ್ತಾ, ರಿಫ್ಲೆಕ್ಸ್ ಜಾಸ್ತಿ ಇದ್ದು, ಸ್ಪರ್ಶ ಪೂರ್ತಿ ಸರಿಯಿದ್ದರೆ ಅದು ಎಎಲ್‌ಎಸ್ (ಆಜ್ಞೆ ಸಾಗಿಸುವ ನರಕೋಶಗಳೇ ಸಾಯುತ್ತಾ ಹೋಗುವ ಕಾಯಿಲೆ) ಇರಬಹುದು. ಈ ಮಾತನ್ನು ನಮ್ಮಂಥವರು ಬಾಯಿಗೆ ಬಂದ ಹಾಗೆ ಹೇಳಬಾರದು. ನ್ಯೂರೋ ಡಾಕ್ಟರೇ ಹೇಳಲಿ.

ಪರೀಕ್ಷೆಗೆ ಹೋಗುವಾಗ

ಎಂಆರ್‌ಐ ಚೀಟಿಯಲ್ಲಿ ಕತ್ತೋ, ಎದೆಬೆನ್ನೋ, ಸೊಂಟವೋ ಎಂದು ಬರೆದಿರುತ್ತದೆ. ಯಾಕೆ ಆ ಜಾಗ ಅಂತ ಕೇಳಲು ಹಿಂಜರಿಯಬೇಡಿ. ನರದ ಕರೆಂಟ್ ಪರೀಕ್ಷೆ, ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇಎಂಜಿ, ಎರಡಕ್ಕೂ ಸಮಯ ಮುಖ್ಯ. ಜಿಬಿಎಸ್‌ನ ಮೊದಲ ವಾರದಲ್ಲಿ ಕರೆಂಟ್ ಪರೀಕ್ಷೆ ಸರಿಯಾಗೇ ಬರಬಹುದು. ಬೆನ್ನಿಗೆ ಸೂಜಿ ಹಾಕಿ ತೆಗೆಯುವ ಬೆನ್ನುನೀರಿನ (ಹುರಿಯ ಸುತ್ತಲ ದ್ರವ) ಪ್ರೋಟೀನೂ ಆಗ ಏರದೇ ಇರಬಹುದು. ನರಕ್ಕೆ ಪೆಟ್ಟು ಬಿದ್ದ ಎರಡು ಮೂರು ವಾರದ ಮುಂಚೆ ಇಎಂಜಿ ಮಾಡಿಸಿದರೆ ಪೂರ್ತಿ ವಿಷಯ ತಿಳಿಯುವುದಿಲ್ಲ. ಸಿಪಿಕೆ ನೋಡಿಸುವ ದಿನ ಮೈಮುರಿದು ಕೆಲಸ ಮಾಡಿರಬಾರದು, ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಂಡಿರಬಾರದು. ಎರಡರಿಂದಲೂ ಅದು ಏರುತ್ತದೆ.

ಹಾಸನದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವವರು ಬರೀ ಫಿಲ್ಮ್ ಕವರ್ ಹಿಡಿದು ಹೋಗಬೇಡಿ. ರೋಗಿ ನೆಲದಿಂದ ಏಳುವುದು, ನಡೆಯುವುದು, ಸಂಜೆ ರೆಪ್ಪೆ ಇಳಿದಿರುವುದು, ಇವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಬೆಳಗಿನ ಓಪಿಡಿಯಲ್ಲಿ ರೆಪ್ಪೆ ಎದ್ದೇ ಇರುತ್ತದೆ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು, ನಾಟಿ ಔಷಧದ ಪುಡಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಒಂದು ಹಾಳೆಯಲ್ಲಿ ಯಾವ ತಿಂಗಳು ಯಾವ ಕೆಲಸ ನಿಂತಿತು ಅಂತ ಬರೆದಿಡಿ. ಚಪ್ಪಲಿ ಜಾರಿದ್ದು ಯಾವಾಗ, ಗುಂಡಿ ಹಾಕಲಾಗದ್ದು ಯಾವಾಗ, ಮೂತ್ರದ ತೊಂದರೆ ಶುರುವಾದದ್ದು ಯಾವಾಗ. ಗುಂಡಿಯ ವಿಷಯ ಗೊತ್ತಿರುವುದು ಸಾಮಾನ್ಯವಾಗಿ ಮನೆಯಾಕೆಗೆ. ಹಾಗಾಗಿ ಅವರನ್ನೂ ಒಳಗೆ ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ.